ಕೋಳಿ ರೋಗಾಣುಗಳ 'ಕೋರಂ': ಗುಂಪು ಕೂಡುವ ಮೊದಲೇ ತಡೆಯುವ ಬಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಮುಗಿಲನ್ನು ನೋಡಿಕೊಂಡು ಬದುಕುವ ಸೀಮೆಗೆ ಸೇರಿದವು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಪೂರ್ಣಗೊಳಿಸಿದ ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಎಂದರೆ ಇಲ್ಲಿನ ಮಳೆಯ ಸ್ವಭಾವವನ್ನು ಬೇರೆ ವಿವರಿಸಬೇಕಾಗಿಲ್ಲ. ಇಂಥ ಕಡೆ ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಜೊತೆಗೆ ಒಂದು ಕೋಳಿಮನೆಯೂ ಇದ್ದರೆ, ಮಳೆ ಕೈಕೊಟ್ಟ ವರ್ಷವೂ ಮನೆಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಹಿತ್ತಲಿನ ಹತ್ತು ನಾಟಿ ಕೋಳಿಗಳಿಂದ ಹಿಡಿದು, ಒಪ್ಪಂದದ ಮೇಲೆ ಒಂದೊಂದು ಬಾರಿಗೆ ಐದಾರು ಸಾವಿರ ಬ್ರಾಯ್ಲರ್ ಮರಿ ಇಳಿಸಿಕೊಳ್ಳುವ ಶೆಡ್ಡುಗಳವರೆಗೆ ಈ ಕಸುಬು ಹಬ್ಬಿದೆ.

ಆದರೆ ಶೆಡ್ಡು ಕಟ್ಟಲು ಸಾಲ ತೆಗೆದ ರೈತನಿಗೆ ಒಂದು ಬ್ಯಾಚು ಕೈಬಿಟ್ಟರೂ ಕಂತು ಕಟ್ಟುವುದು ಕಷ್ಟ. ಮೇವು, ಮರಿ, ಔಷಧಿಗಳ ಲೆಕ್ಕ ಮುಗಿದ ಮೇಲೆ ಉಳಿಯುವುದೇ ಅಷ್ಟಕ್ಕಷ್ಟೆ. ಅದರಲ್ಲಿ ನೂರಕ್ಕೆ ಐದಾರು ಹಕ್ಕಿ ಹೆಚ್ಚಾಗಿ ಸತ್ತರೆ, ಉಳಿದವೂ ತೂಕ ಬಾರದೆ ನಿಂತರೆ, ನಲವತ್ತು ದಿನದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಈ ನಷ್ಟದ ಹಿಂದೆ ಇರುವ ರೋಗಾಣುಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಬಗ್ಗೆ ಕಳೆದ ಐವತ್ತು ಅರವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕಂಡುಕೊಂಡಿರುವ ಒಂದು ಸಂಗತಿಯನ್ನು ಇಲ್ಲಿ ತಿಳಿಸಲಾಗಿದೆ. ಇದು ಪ್ರಯೋಗಶಾಲೆಯ ಮಾತೆಂದು ಪಕ್ಕಕ್ಕಿಡುವಂಥದಲ್ಲ. ಕೋಳಿಮನೆಯ ನೀರಿನ ಕೊಳವೆಗೂ ಇದಕ್ಕೂ ನೇರ ಸಂಬಂಧವಿದೆ.

ಔಷಧಿ ಹಾಕಿದರೆ ನಿಲ್ಲುತ್ತದೆ, ಬಿಟ್ಟರೆ ಮರುಕಳಿಸುತ್ತದೆ

ವಿಸ್ತರಣಾ ಕಾರ್ಯಕರ್ತರು ಹಳ್ಳಿಗೆ ಹೋದಾಗ ಪದೇ ಪದೇ ಕೇಳಿಬರುವ ದೂರು ಒಂದೇ ಬಗೆಯದು. "ಮರಿ ಬಂದಾಗ ಚೆನ್ನಾಗಿದ್ದವು ಸ್ವಾಮಿ. ಮೂರನೇ ವಾರ ಗೊರ್ ಗೊರ್ ಅನ್ನೋಕೆ ಶುರು ಮಾಡಿದವು. ನೀರಿಗೆ ಔಷಧಿ ಹಾಕಿದ್ವಿ, ಮೂರು ದಿನ ಸುಮ್ಮನಾದವು. ನಿಲ್ಲಿಸಿದ ನಾಲ್ಕನೇ ದಿನಕ್ಕೆ ಮತ್ತೆ ಅದೇ ಕಥೆ." ಸತ್ತ ಹಕ್ಕಿಯನ್ನು ಕೊಯ್ದು ನೋಡಿದರೆ ಹೃದಯದ ಸುತ್ತ ಮತ್ತು ಯಕೃತ್ತಿನ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಬಿಳಿ ಇಲ್ಲವೇ ಹಳದಿ ಪೊರೆ ಹರಡಿರುತ್ತದೆ. ತೆಳ್ಳಗೆ ಗಾಜಿನಂತಿರಬೇಕಾದ ಗಾಳಿಚೀಲಗಳು ಮಬ್ಬಾಗಿ ದಪ್ಪಗಾಗಿರುತ್ತವೆ. ಇದು ಇ. ಕೋಲಿ ಎಂಬ ಬ್ಯಾಕ್ಟೀರಿಯದಿಂದ ಬರುವ ಕೋಲಿಬ್ಯಾಸಿಲೋಸಿಸ್ ರೋಗದ ಸಾಮಾನ್ಯ ಚಿತ್ರ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇ. ಕೋಲಿ ಎಲ್ಲ ಕೋಳಿಗಳ ಕರುಳಿನಲ್ಲಿಯೂ ಇರುತ್ತದೆ. ಹಿಕ್ಕೆಯಲ್ಲಿ, ಹಾಸಿನಲ್ಲಿ, ಧೂಳಿನಲ್ಲಿ ಇದ್ದೇ ಇರುತ್ತದೆ. ಅದರಲ್ಲಿ ರೋಗ ತರಬಲ್ಲ ತಳಿಗಳೂ ಆರೋಗ್ಯವಂತ ಹಕ್ಕಿಯಲ್ಲಿಯೇ ಸದ್ದಿಲ್ಲದೆ ಇರಬಹುದು. ಹಾಗಿದ್ದ ಮೇಲೆ ಎರಡು ವಾರ ಸುಮ್ಮನಿದ್ದದ್ದು ಮೂರನೆಯ ವಾರ ಏಕೆ ತಿರುಗಿ ಬೀಳುತ್ತದೆ?

ರೋಗಾಣುಗಳು ತಮ್ಮ ತಲೆ ತಾವೇ ಎಣಿಸುತ್ತವೆ

ಬ್ಯಾಕ್ಟೀರಿಯ ಒಂದೇ ಕೋಶದ ಜೀವಿ. ಅದಕ್ಕೆ ಕಣ್ಣಿಲ್ಲ, ಕಿವಿಯಿಲ್ಲ. ಒಂದೊಂದೂ ತನ್ನ ಪಾಡಿಗೆ ತಾನು ತಿಂದು, ಎರಡಾಗಿ ಒಡೆದು, ಬೆಳೆಯುತ್ತದೆ ಎಂದೇ ಬಹುಕಾಲ ತಿಳಿಯಲಾಗಿತ್ತು. ಈ ತಿಳಿವಳಿಕೆಗೆ ಮೊದಲು ಏಟು ಬಿದ್ದದ್ದು 1965ರಲ್ಲಿ. ಮನುಷ್ಯರಿಗೆ ನ್ಯುಮೋನಿಯ ತರುವ ಒಂದು ಬ್ಯಾಕ್ಟೀರಿಯವು ಸುತ್ತಲಿನ ದ್ರವಕ್ಕೆ ಒಂದು ವಸ್ತುವನ್ನು ಬಿಟ್ಟು, ಅದರ ಮೂಲಕ ಇಡೀ ಗುಂಪಿನ ನಡವಳಿಕೆಯನ್ನು ಬದಲಿಸುತ್ತದೆ ಎಂದು ಅಲೆಕ್ಸಾಂಡರ್ ಟೊಮಾಸ್ ತೋರಿಸಿದರು. 1970ರಲ್ಲಿ ಅಮೆರಿಕದ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಎಂಬ ವಿಜ್ಞಾನಿಗಳು ಸಮುದ್ರದಲ್ಲಿ ಬೆಳಕು ಬೀರುವ ಬ್ಯಾಕ್ಟೀರಿಯಗಳಲ್ಲಿ ಇಂಥದೇ ಸಂಗತಿಯನ್ನು ಕಂಡರು.

ಈ ಬೆಳಕಿನ ಬ್ಯಾಕ್ಟೀರಿಯಗಳ ಕಥೆ ಸ್ವಾರಸ್ಯವಾಗಿದೆ. ನಮ್ಮ ಕರಾವಳಿಯವರು ಬೊಂಡಾಸ ಎನ್ನುವ ಜಲಚರದ ಒಂದು ಚಿಕ್ಕ ಜಾತಿ ಹವಾಯಿ ದ್ವೀಪಗಳ ಬಳಿ ಇದೆ. ಅದರ ದೇಹದಲ್ಲಿನ ಒಂದು ಅಂಗದೊಳಗೆ ಈ ಬ್ಯಾಕ್ಟೀರಿಯಗಳು ಮನೆ ಮಾಡಿಕೊಂಡು ರಾತ್ರಿ ಬೆಳಗುತ್ತವೆ. ಅದೇ ಬ್ಯಾಕ್ಟೀರಿಯ ಸಮುದ್ರದ ನೀರಿನಲ್ಲಿ ಚದುರಿಕೊಂಡಿದ್ದಾಗ ಬೆಳಗುವುದಿಲ್ಲ. ಅಲ್ಲಿ ಒಂದು ಮಿಲಿಲೀಟರಿಗೆ ನೂರೂ ಇರುವುದಿಲ್ಲ. ಅಂಗದೊಳಗಾದರೋ ಅಷ್ಟೇ ಜಾಗದಲ್ಲಿ ಸಾವಿರ ಕೋಟಿಯಷ್ಟು ಕಿಕ್ಕಿರಿದಿರುತ್ತವೆ. ಪ್ರತಿಯೊಂದು ಕೋಶವೂ ಒಂದು ಸಂಕೇತ ವಸ್ತುವನ್ನು ಸ್ವಲ್ಪ ಸ್ವಲ್ಪವೇ ಹೊರಬಿಡುತ್ತಿರುತ್ತದೆ. ಗುಂಪು ಚಿಕ್ಕದಿದ್ದರೆ ಅದು ನೀರಿನಲ್ಲಿ ಕರಗಿಹೋಗುತ್ತದೆ. ಗುಂಪು ದೊಡ್ಡದಾದರೆ ಅದರ ಸಾಂದ್ರತೆ ಒಂದು ಮಟ್ಟವನ್ನು ಮುಟ್ಟಿ, ಎಲ್ಲ ಕೋಶಗಳಿಗೂ ಒಮ್ಮೆಗೇ ತಿಳಿಯುತ್ತದೆ. ಎಲ್ಲವೂ ಒಮ್ಮೆಗೇ ಬೆಳಗುತ್ತವೆ.

ಇದಕ್ಕೆ 1994ರಲ್ಲಿ ಫುಕ್ವಾ, ವಿನಾನ್ಸ್ ಮತ್ತು ಗ್ರೀನ್‌ಬರ್ಗ್ ಎಂಬವರು ಇಟ್ಟ ಹೆಸರು ಕೋರಂ ಸೆನ್ಸಿಂಗ್, ಎಂದರೆ ಕೋರಂ ಅರಿಯುವಿಕೆ. ಈ ಕೋರಂ ನಮ್ಮ ರೈತರಿಗೆ ಹೊಸ ಶಬ್ದವೇನೂ ಅಲ್ಲ. ಗ್ರಾಮ ಪಂಚಾಯ್ತಿಯಲ್ಲಿಯಾಗಲಿ, ಹಾಲು ಉತ್ಪಾದಕರ ಸಂಘದಲ್ಲಿಯಾಗಲಿ ಕೋರಂ ಇಲ್ಲದೆ ಸಭೆ ನಡೆಯುವುದಿಲ್ಲ. ಬಂದ ನಾಲ್ವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಸಾಕಷ್ಟು ಸದಸ್ಯರು ಕೂಡಿದರೆ ಮಾತ್ರ ಠರಾವು ಆಗುತ್ತದೆ. ರೋಗಾಣುಗಳ ಠರಾವು ಎಂದರೆ ವಿಷ ತಯಾರಿಸುವುದು, ಅಂಟಿಕೊಳ್ಳುವುದು, ಲೋಳೆ ಕಟ್ಟುವುದು.

ಇದರಲ್ಲಿ ರೋಗಾಣುವಿಗೆ ಲಾಭವೂ ಇದೆ. ಹತ್ತಾರು ಕೋಶಗಳಿದ್ದಾಗಲೇ ವಿಷ ಬಿಟ್ಟರೆ ಹಕ್ಕಿಯ ದೇಹ ಎಚ್ಚೆತ್ತು ಅವನ್ನು ಸುಲಭವಾಗಿ ನುಂಗಿಹಾಕುತ್ತದೆ. ಲಕ್ಷಗಟ್ಟಲೆ ಆಗುವವರೆಗೆ ಸುಮ್ಮನಿದ್ದು ಒಮ್ಮೆಗೇ ಮೇಲೆ ಬಿದ್ದರೆ ತಡೆಯುವುದು ಕಷ್ಟ. ಆದುದರಿಂದಲೇ ನಿನ್ನೆ ಸಂಜೆ ಚೆನ್ನಾಗಿದ್ದ ಶೆಡ್ಡಿನಲ್ಲಿ ಇಂದು ಬೆಳಿಗ್ಗೆ ಐವತ್ತು ಹಕ್ಕಿ ಮುದುಡಿ ಕುಳಿತಿರುವುದನ್ನು ಕಾಣುತ್ತೇವೆ. ಅನುಕೂಲವಾದ ಬಿಸಿ ಮತ್ತು ಆಹಾರ ಸಿಕ್ಕರೆ ಇ. ಕೋಲಿ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಈ ವೇಗದಲ್ಲಿ ಒಂದೇ ಒಂದು ಕೋಶ 7 ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟು ಹೊತ್ತು.

ಕೋಳಿಗೆ ರೋಗ ತರುವ ಇ. ಕೋಲಿಯಲ್ಲಿಯೂ ಈ ಬಗೆಯ ಸಂಕೇತ ಇದೆ. ಎಐ-2 ಎಂದು ಕರೆಯುವ ಸಂಕೇತ ವಸ್ತು ಇದರಲ್ಲಿ ಮುಖ್ಯವಾದುದು. ಇ. ಕೋಲಿ ಮಾತ್ರವಲ್ಲದೆ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಗಳೂ ಇದನ್ನು ತಯಾರಿಸುತ್ತವೆ. ಆದುದರಿಂದ ಒಂದು ಜಾತಿ ಇನ್ನೊಂದರ ಇರವನ್ನು ಅರಿಯಬಲ್ಲದು. ಓ78 ಎಂಬ ಗುಂಪಿಗೆ ಸೇರಿದ ಕೋಳಿ ರೋಗಾಣುವಿನಿಂದ ಈ ಸಂಕೇತವನ್ನು ತಯಾರಿಸುವ ವಂಶವಾಹಿಯನ್ನು ತೆಗೆದುಹಾಕಿದಾಗ ಅದರ ರೋಗ ತರುವ ಶಕ್ತಿ ಕುಗ್ಗಿತೆಂದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ತಿಳಿಸಿತು.

ಕೋರಂ ಕೂಡುವ ಸ್ಥಳ: ನೀರಿನ ಕೊಳವೆ

ರೈತರು ಶೆಡ್ಡಿನ ನೆಲ ಗುಡಿಸುತ್ತಾರೆ, ಗೋಡೆಗೆ ಸುಣ್ಣ ಬಳಿಯುತ್ತಾರೆ, ಪರದೆ ತೊಳೆಯುತ್ತಾರೆ. ಕಣ್ಣಿಗೆ ಬೀಳದೆ ಉಳಿದುಬಿಡುವುದು ನೀರಿನ ಟ್ಯಾಂಕು ಮತ್ತು ಕೊಳವೆಯ ಒಳಮೈ. ನನ್ನ ಅನುಭವದಲ್ಲಿ ಮರುಕಳಿಸುವ ರೋಗದ ಮೂಲವನ್ನು ಹುಡುಕುವವರು ಮೊದಲು ನೋಡಬೇಕಾದ ಸ್ಥಳ ಇದೇ. ಅವರು ಕೊನೆಗೆ ನೋಡುವ ಸ್ಥಳವೂ ಇದೇ.

ನೀರಿನಲ್ಲಿ ತೇಲಿಬಂದ ಬ್ಯಾಕ್ಟೀರಿಯ ಮೊದಲು ಕೊಳವೆಯ ಗೋಡೆಗೆ ಅಂಟುತ್ತದೆ. ಅಲ್ಲಿ ಗುಂಪು ಬೆಳೆದು ಸಂಕೇತ ಹರಡಿದ ಮೇಲೆ ಎಲ್ಲವೂ ಸೇರಿ ತಮ್ಮ ಸುತ್ತ ಒಂದು ಲೋಳೆಪದರವನ್ನು ಕಟ್ಟಿಕೊಳ್ಳುತ್ತವೆ. ಕೆರೆಯ ಮೆಟ್ಟಿಲಿನ ಕಲ್ಲು ಜಾರುವುದೂ, ಎಮ್ಮೆ ಕುಡಿಯುವ ತೊಟ್ಟಿಯ ಒಳಗೆ ಕೈಯಾಡಿಸಿದರೆ ನುಣುಪು ಹತ್ತುವುದೂ ಇಂಥ ಪದರದಿಂದಲೇ. ಈ ಲೋಳೆಯೊಳಗೆ ಕುಳಿತ ರೋಗಾಣುವಿಗೆ ಕ್ಲೋರಿನ್ ಸರಿಯಾಗಿ ತಾಗುವುದಿಲ್ಲ. ಒಂಟಿಯಾಗಿ ತೇಲುವ ರೋಗಾಣುವನ್ನು ಕೊಲ್ಲುವ ಪ್ರಮಾಣಕ್ಕಿಂತ ನೂರಾರು ಪಟ್ಟು ಹೆಚ್ಚು ಜೀವಿರೋಧಕ ಔಷಧಿಯನ್ನು ಇವು ತಾಳಿಕೊಳ್ಳಬಲ್ಲವು. ಔಷಧಿ ಹಾಕಿದಾಗ ಹಕ್ಕಿಯೊಳಗಿನ ರೋಗಾಣು ಸಾಯುತ್ತದೆ, ಕೊಳವೆಯೊಳಗಿನದು ಉಳಿಯುತ್ತದೆ. ಪದರದ ಚೂರುಗಳು ಕಿತ್ತು ನಿಪ್ಪಲ್‌ನಲ್ಲಿ ಇಳಿದು ಮತ್ತೆ ಹಕ್ಕಿಯ ಬಾಯಿಗೆ ಹೋಗುತ್ತವೆ. ನಾಲ್ಕನೆಯ ದಿನ ಅದೇ ಕಥೆ ಶುರುವಾಗುವುದಕ್ಕೆ ಇದು ಒಂದು ಮುಖ್ಯ ಕಾರಣ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಈ ತೊಂದರೆ ಹೆಚ್ಚಾಗಲು ಕಾರಣಗಳಿವೆ. ಇಲ್ಲಿನ ಆಳದ ಕೊಳವೆಬಾವಿಗಳ ನೀರು ಬಹುಕಡೆ ಗಡಸು. ಗಡಸು ನೀರು ಕೊಳವೆಯ ಒಳಗೆ ಬಿಳಿ ಹಿಟ್ಟಿನಂತಹ ಸುಣ್ಣದ ಚಕ್ಕೆ ಕಟ್ಟುತ್ತದೆ. ನುಣುಪಾದ ಪ್ಲಾಸ್ಟಿಕ್ಕಿಗಿಂತ ಈ ಒರಟು ಚಕ್ಕೆಯ ಮೇಲೆ ರೋಗಾಣು ಬೇಗ ಕಾಲೂರುತ್ತದೆ. ಮಾರ್ಚಿಯಿಂದ ಮೇ ವರೆಗೆ ಬಿಸಿಲಿಗೆ ಒಡ್ಡಿಕೊಂಡ ಕಪ್ಪು ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಬಿಸಿಯಾಗಿ, ಸಂಜೆಗೆ ಹಿತವಾದ ಉಗುರುಬೆಚ್ಚಗೆ ಬರುತ್ತದೆ. ಹಿತ ಹಕ್ಕಿಗಲ್ಲ, ರೋಗಾಣುವಿಗೆ. ಇನ್ನು ಮೊದಲ ವಾರದ ಮಾತು. ಆಗ ಒಂದು ಸಾವಿರ ಮರಿ ಇಡೀ ದಿನಕ್ಕೆ ಕುಡಿಯುವುದು ಕೆಲವೇ ಕೊಡ ನೀರು. ಬ್ರೂಡರಿನ ಬಿಸಿಯಲ್ಲಿ ಉದ್ದನೆಯ ಕೊಳವೆಯೊಳಗೆ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ. ಅದಕ್ಕೆ ನಾವು ಬೆಲ್ಲ, ಗ್ಲೂಕೋಸ್, ವಿಟಮಿನ್ ಬೆರೆಸಿ ಬಿಡುತ್ತೇವೆ. ಮರಿಗೆ ಚೈತನ್ಯ ಬರಲೆಂದು ಹಾಕಿದ ಬೆಲ್ಲದಲ್ಲಿ ಗೋಡೆಗೆ ಅಂಟಿದ ರೋಗಾಣುವಿಗೂ ಪಾಲು ಸಿಗುತ್ತದೆ. ಬೆಲ್ಲದ ನೀರು ಕೊಡಬಾರದೆಂದು ಇದರ ಅರ್ಥವಲ್ಲ. ಪ್ರಯಾಣದಿಂದ ಬಳಲಿ ಬಂದ ಮರಿಗೆ ಅದು ಬೇಕು. ಆದರೆ ಅದನ್ನು ಕೈಯಿಂದ ತುಂಬುವ ಚಿಕ್ಕ ನೀರಿನ ಬಟ್ಟಲುಗಳಲ್ಲಿ ಕೊಟ್ಟು, ಮೂರು ನಾಲ್ಕು ಗಂಟೆಗಳ ನಂತರ ತೆಗೆದು ತೊಳೆದಿಡುವುದು ಲೇಸು. ಕೊಳವೆಯ ಮೂಲಕವೇ ಕೊಟ್ಟಿದ್ದರೆ ಅದೇ ದಿನ ರಭಸದ ಶುದ್ಧ ನೀರು ಬಿಟ್ಟು ಕೊಳವೆಯನ್ನು ತೊಳೆಯತಕ್ಕದ್ದು.

ಕೊಳವೆಯಲ್ಲಿ ಪದರ ಕಟ್ಟಿದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಸಾಲಿನ ಕೊನೆಯ ಮುಚ್ಚಳವನ್ನು ಬಿಚ್ಚಿ, ಒಂದು ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ, ಒಳಗೆ ಒಂದು ಗೇಣು ತೂರಿಸಿ ತಿರುಗಿಸಿ ತೆಗೆಯಿರಿ. ಬಟ್ಟೆಗೆ ಕಂದು ಅಥವಾ ಹಸಿರು ಲೋಳೆ ಹತ್ತಿ, ಮೂಗಿಗೆ ಕೊಳೆತ ವಾಸನೆ ಬಂದರೆ ಅಲ್ಲಿ ಸಭೆ ಕೂಡಿದೆ ಎಂದೇ ತಿಳಿಯಬೇಕು.

ಶುದ್ಧಿ ಮಾಡುವ ಕ್ರಮ

ಹಕ್ಕಿಗಳು ಮಾರಾಟವಾಗಿ ಶೆಡ್ಡು ಖಾಲಿ ಇರುವಾಗಲೇ ಈ ಕೆಲಸ ಮಾಡಬೇಕು. ಮೊದಲು ಟ್ಯಾಂಕನ್ನು ಪೂರ್ತಿ ಬರಿದು ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಕೊಳವೆಗೆ ರಭಸವಾಗಿ ನೀರು ಹಾಯಿಸಿ, ಸಡಿಲವಾದ ಕೊಳೆಯನ್ನು ಹೊರಗೆ ಹಾಕಿರಿ. ಅನಂತರ ಕೊಳವೆ ಶುದ್ಧಿಗೆಂದೇ ಮಾರುವ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಡಬ್ಬಿಯ ಮೇಲೆ ತಿಳಿಸಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ, ಕೊನೆಯ ನಿಪ್ಪಲ್‌ನಲ್ಲಿ ಬರುವವರೆಗೆ ತುಂಬಿ, ತಿಳಿಸಿದಷ್ಟು ಗಂಟೆ ನಿಲ್ಲಿಸಬೇಕು. ಇದು ಲೋಳೆಯನ್ನು ಸೀಳಿ ನೊರೆಯಾಗಿ ಎಬ್ಬಿಸುತ್ತದೆ. ಪೆರಾಕ್ಸೈಡ್ ಚರ್ಮವನ್ನು ಸುಡುವುದರಿಂದ ಕೈಚೀಲ ಮತ್ತು ಕನ್ನಡಕ ಇಲ್ಲದೆ ಮುಟ್ಟಬಾರದು. ಬಳಿಕ ಮತ್ತೆ ರಭಸದ ನೀರು. ಎದ್ದ ಲೋಳೆ ನಿಪ್ಪಲ್‌ಗಳನ್ನು ಕಟ್ಟಿಬಿಡುವುದುಂಟು. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಬೇಕಾದ್ದು ಬೇಸರದ ಕೆಲಸ, ಆದರೂ ಬಿಡುವಂತಿಲ್ಲ.

ಸುಣ್ಣದ ಚಕ್ಕೆ ತೆಗೆಯಲು ಸಿಟ್ರಿಕ್ ಆಮ್ಲದ ದ್ರಾವಣ ಉಪಯೋಗಕ್ಕೆ ಬರುತ್ತದೆ. ಇದನ್ನು ಬೇರೆ ದಿನ ಮಾಡಿ, ಚೆನ್ನಾಗಿ ತೊಳೆಯಬೇಕು. ಯಾವ ಕಾರಣಕ್ಕೂ ಆಮ್ಲವನ್ನು ಬ್ಲೀಚಿಂಗ್ ಪುಡಿಯ ಜೊತೆ ಬೆರೆಸಕೂಡದು. ಎರಡೂ ಸೇರಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಟು ಜೀವಕ್ಕೆ ಅಪಾಯವಾಗುತ್ತದೆ.

ಹಕ್ಕಿಗಳಿರುವಾಗ ದಿನವೂ ಕ್ಲೋರಿನ್ ಬೆರೆಸಿದ ನೀರು ಕೊಡುವುದು ಒಳ್ಳೆಯದು. ಹೊಸ ಬ್ಲೀಚಿಂಗ್ ಪುಡಿಯಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. 1000 ಲೀಟರ್ ನೀರಿಗೆ 10 ರಿಂದ 15 ಗ್ರಾಂ ಪುಡಿಯನ್ನು ಒಂದು ಬಕೆಟ್ಟಿನಲ್ಲಿ ಕಲಕಿ, ಗಸಿ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು ಅರ್ಧ ಗಂಟೆ ಬಿಡಬೇಕು. ಚೀಲ ಬಿಚ್ಚಿಟ್ಟು ತಿಂಗಳಾದ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ. ಪಂಚಾಯ್ತಿಯ ನೀರುಗಂಟಿಯ ಬಳಿ ಕ್ಲೋರಿನ್ ಅಳೆಯುವ ಪೆಟ್ಟಿಗೆ ಇದ್ದರೆ ಕೇಳಿ ತಂದು, ಕೊನೆಯ ನಿಪ್ಪಲ್‌ನ ನೀರನ್ನು ಪರೀಕ್ಷಿಸಿರಿ. ದಶಲಕ್ಷಕ್ಕೆ 2 ರಿಂದ 3 ಭಾಗ ಕ್ಲೋರಿನ್ ಅಲ್ಲಿಯವರೆಗೂ ಉಳಿದಿದ್ದರೆ ಸರಿ. ಟ್ಯಾಂಕಿನಲ್ಲಿ ಸಾಕಷ್ಟಿದ್ದು ಕೊನೆಯಲ್ಲಿ ಇಲ್ಲವೆಂದಾದರೆ, ನಡುವೆ ಲೋಳೆಪದರ ಅದನ್ನು ತಿಂದುಹಾಕಿದೆ.

ಇಲ್ಲಿ ನಮ್ಮ ನೀರಿನ ಇನ್ನೊಂದು ಗುಣವನ್ನು ಗಮನಿಸಬೇಕು. ಕ್ಲೋರಿನ್ ಕೆಲಸ ಮಾಡುವುದು ನೀರಿನ ಕ್ಷಾರಗುಣ ಕಡಿಮೆ ಇದ್ದಾಗ. ರಸಸಾರ ಎಂದರೆ ಪಿಎಚ್ 7.5 ಇದ್ದರೆ ಅದರ ಅರ್ಧ ಭಾಗ ಮಾತ್ರ ಚುರುಕಾದ ರೂಪದಲ್ಲಿರುತ್ತದೆ. 8.5 ಇದ್ದರೆ ಹತ್ತನೆಯ ಒಂದು ಭಾಗವೂ ಇರುವುದಿಲ್ಲ. ಆದುದರಿಂದ ಕೊಳವೆಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ ಪಿಎಚ್ ಎಷ್ಟೆಂದು ತಿಳಿದಿಟ್ಟುಕೊಳ್ಳುವುದು ಅವಶ್ಯ. ಹೆಚ್ಚಿದ್ದರೆ ಪಶುವೈದ್ಯರ ಸಲಹೆಯಂತೆ ಅದನ್ನು ತಗ್ಗಿಸುವ ಏರ್ಪಾಡು ಮಾಡಬೇಕು.

ರಾಣಿಖೇತ ಎಂದರೆ ಕೊಕ್ಕರೆ ರೋಗದ ಲಸೋಟ ಲಸಿಕೆಯಾಗಲಿ, ಗುಂಬೋರೊ ಲಸಿಕೆಯಾಗಲಿ ನೀರಿನಲ್ಲಿ ಕೊಡುವಾಗ ಕ್ಲೋರಿನ್ ಇರಕೂಡದು. ಲಸಿಕೆಯೂ ಜೀವಂತ ವೈರಸ್ಸೇ. ಕ್ಲೋರಿನ್ ಅದನ್ನೂ ಕೊಲ್ಲುತ್ತದೆ. ಎರಡು ದಿನ ಮೊದಲೇ ಕ್ಲೋರಿನ್ ನಿಲ್ಲಿಸಿ, ಲಸಿಕೆಯ ನೀರಿಗೆ ಲೀಟರಿಗೆ ಸುಮಾರು 2.5 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ ಬೆರೆಸುವುದು ರೂಢಿ. ಲಸಿಕೆ ಮುಗಿದೊಡನೆ ಕೊಳವೆ ತೊಳೆಯಲು ಮರೆಯಬಾರದು, ಏಕೆಂದರೆ ಹಾಲೂ ಬೆಲ್ಲದಂತೆಯೇ ರೋಗಾಣುವಿಗೆ ಊಟ.

ಗಾಳಿ, ಹಾಸು ಮತ್ತು ಹಕ್ಕಿಯ ಸಂಕಟ

ಕೊಳವೆಯಲ್ಲಿ ಗುಂಪು ಕೂಡಿದ ಮಾತ್ರಕ್ಕೆ ಹಕ್ಕಿ ಸಾಯುವುದಿಲ್ಲ. ರೋಗಾಣುವಿಗೆ ಒಳಹೋಗಲು ಬಾಗಿಲು ಬೇಕು. ಹಸಿ ಹಾಸಿನಿಂದ ಏಳುವ ಅಮೋನಿಯ ಅನಿಲ ಆ ಬಾಗಿಲನ್ನು ತೆರೆಯುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಧೂಳನ್ನು ಹೊರಗೆ ತಳ್ಳುವ ಸಣ್ಣ ರೋಮಗಳಿವೆ. ಗಾಳಿಯಲ್ಲಿ ಅಮೋನಿಯ ದಶಲಕ್ಷಕ್ಕೆ 25 ಭಾಗ ಮೀರಿದರೆ ಈ ರೋಮಗಳು ಸೋಲುತ್ತವೆ. ಇ. ಕೋಲಿ ತುಂಬಿದ ಧೂಳು ನೇರವಾಗಿ ಗಾಳಿಚೀಲಕ್ಕೆ ಇಳಿಯುತ್ತದೆ. ಮೊದಲೇ ಉಸಿರಾಟದ ಬೇರೆ ರೋಗ ತಗುಲಿದ್ದರೆ ಹೇಳುವುದೇ ಬೇಡ. ಶೆಡ್ಡಿನೊಳಗೆ ನಿಂತವರ ಮೂಗು ಈ ವಾಸನೆಗೆ ಬೇಗ ಒಗ್ಗಿಹೋಗುತ್ತದೆ. ಹೊರಗಿನಿಂದ ಬಂದೊಡನೆ ಹಕ್ಕಿಯ ಎತ್ತರಕ್ಕೆ ಬಗ್ಗಿ ಉಸಿರು ತೆಗೆದು ನೋಡಿರಿ. ಕಣ್ಣು ಉರಿದರೆ ಮಿತಿ ಮೀರಿದೆ.

ದಾವಣಗೆರೆ ಕಡೆಯ ಅಕ್ಕಿ ಗಿರಣಿಗಳ ಭತ್ತದ ಹೊಟ್ಟು ಹಾಸಿಗೆ ಒಳ್ಳೆಯದು. ಶೇಂಗಾ ಸಿಪ್ಪೆ ಬಳಸುವವರು ಅದು ಬೂಷ್ಟು ಹಿಡಿಯದಂತೆ ಎಚ್ಚರ ವಹಿಸಬೇಕು; ಬೂಷ್ಟಿನ ಧೂಳು ಮರಿಗಳ ಪುಪ್ಪುಸಕ್ಕೆ ಬೇರೆಯೇ ರೋಗ ತರುತ್ತದೆ. ಹೊಸದುರ್ಗದ ತೆಂಗಿನ ಸೀಮೆಯಲ್ಲಿ ಸಿಗುವ ನಾರಿನ ಪುಡಿಯನ್ನು ಪೂರ್ತಿ ಒಣಗಿಸದೆ ಹರಡಕೂಡದು. ಯಾವ ಹಾಸಾದರೂ ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ಬಿಟ್ಟಾಗ ಉದುರಬೇಕು. ಉಂಡೆಯಾಗಿ ನಿಂತರೆ ಹಸಿ ಹೆಚ್ಚಾಗಿದೆ. ಹಸಿಯಾದ ಹಾಸಿನ ಮೇಲೆ, ಹಕ್ಕಿಗಳಿರುವಾಗಲೇ ಸುಣ್ಣ ಎರಚುವ ಪದ್ಧತಿ ಕೆಲವೆಡೆ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಸುಣ್ಣದ ಕ್ಷಾರಕ್ಕೆ ಅಮೋನಿಯ ಇನ್ನೂ ಬೇಗ ಗಾಳಿಗೆ ಏಳುತ್ತದೆ. ಹಸಿ ಭಾಗವನ್ನು ತೆಗೆದು ಒಣ ಹೊಟ್ಟು ಹಾಕಿ, ಸೋರುವ ನಿಪ್ಪಲ್ ಸರಿಪಡಿಸಿ, ಪರದೆ ಎತ್ತುವುದೇ ಸರಿಯಾದ ದಾರಿ. ಚಳಿಗಾಲದ ರಾತ್ರಿ ಪರದೆಯನ್ನು ತುದಿಯವರೆಗೂ ಬಿಗಿದು ಮುಚ್ಚುವವರು ಮೇಲೆ ಒಂದು ಗೇಣು ಬಿಟ್ಟಿರಬೇಕು.

ಸಂಕೇತದ ವಿಷಯದಲ್ಲಿ ಇನ್ನೂ ಒಂದು ಅಚ್ಚರಿಯ ಸಂಗತಿ ಇದೆ. ಮನುಷ್ಯರಿಗೆ ರಕ್ತಭೇದಿ ತರುವ ಇ. ಕೋಲಿಯ ಒಂದು ಬಗೆಯನ್ನು ಪರೀಕ್ಷಿಸಿದ ವನೆಸ್ಸಾ ಸ್ಪೆರಾಂಡಿಯೊ ಮತ್ತು ಸಂಗಡಿಗರು, ಅದು ತನ್ನ ಜಾತಿಯ ಸಂಕೇತವನ್ನಷ್ಟೇ ಅಲ್ಲದೆ, ಆಶ್ರಯ ಕೊಟ್ಟ ಪ್ರಾಣಿಯು ಹೆದರಿದಾಗ ರಕ್ತಕ್ಕೆ ಬಿಡುವ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಸಗಳನ್ನೂ ಗುರುತಿಸುತ್ತದೆ ಎಂದು 2003 ಮತ್ತು 2006ರಲ್ಲಿ ತೋರಿಸಿದರು. ಒಡೆಯನು ಕಂಗೆಟ್ಟಿದ್ದಾನೆಂಬುದು ರೋಗಾಣುವಿಗೆ ತಿಳಿಯುತ್ತದೆ ಎಂದಂತಾಯಿತು. ಬಿಸಿಲಿನ ಝಳ, ದೂರದ ಪ್ರಯಾಣ, ಇಕ್ಕಟ್ಟು, ನೀರಿಲ್ಲದೆ ಬಾಯಿ ತೆರೆದು ಏದುವುದು, ಇವೆಲ್ಲವೂ ಹಕ್ಕಿಗೆ ಸಂಕಟದ ಸಮಯಗಳು. ಏಪ್ರಿಲ್ ತಿಂಗಳ ಮಧ್ಯಾಹ್ನ ಹಕ್ಕಿಗಳನ್ನು ಎಬ್ಬಿಸಿ ಓಡಾಡಿಸುವುದಾಗಲಿ, ಲಸಿಕೆ ಹಾಕುವುದಾಗಲಿ ಬೇಡ. ಬ್ರಾಯ್ಲರಿಗೆ ಒಂದು ಚದರಡಿ ಜಾಗ ಎಂಬ ಲೆಕ್ಕವನ್ನು ಬೇಸಿಗೆಯಲ್ಲಿ ಇನ್ನೂ ಸಡಿಲಗೊಳಿಸಿ ಮರಿ ಇಳಿಸಿಕೊಳ್ಳುವುದು ಜಾಣತನ. ಟ್ಯಾಂಕಿನ ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದರೆ ಖರ್ಚಿಲ್ಲದೆ ನೀರು ತಣ್ಣಗಿರುತ್ತದೆ. ಸಾಮಾನ್ಯ ಹವೆಯಲ್ಲಿ ಹಕ್ಕಿ ತಿನ್ನುವ ಮೇವಿನ ಸುಮಾರು ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಸೆಕೆಯಲ್ಲಿ ಅದು ಇನ್ನೂ ಏರುತ್ತದೆ. ಬಿಸಿ ನೀರಾದರೆ ಹಕ್ಕಿ ಕುಡಿಯದೆ ನಿಲ್ಲುತ್ತದೆ.

ಕರುಳು ಕೊಳೆಯುವ ರೋಗ

ಕೋರಂ ಮಾತು ಅತ್ಯಂತ ಸ್ಪಷ್ಟವಾಗಿ ರುಜುವಾತಾದದ್ದು ಕೋಳಿಯ ಇನ್ನೊಂದು ರೋಗದಲ್ಲಿ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಬ್ಯಾಕ್ಟೀರಿಯವೂ ಕರುಳಿನಲ್ಲಿ ಸ್ವಲ್ಪ ಪ್ರಮಾಣದಲ್ಲಿ ಇರುವಂಥದೇ. ಅದು ಮಿತಿಮೀರಿ ಬೆಳೆದಾಗ ಕರುಳಿನ ಒಳಪದರ ಸತ್ತು, ಕೊಯ್ದು ನೋಡಿದರೆ ಕೊಳಕು ಟರ್ಕಿ ಟವಲಿನಂತೆ ಕಾಣುತ್ತದೆ. ಇದನ್ನು ಮಾಡುವ ನೆಟ್-ಬಿ ಎಂಬ ವಿಷವನ್ನು 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಗುರುತಿಸಿದರು. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ರೋಗಾಣುವಿನ ಸಂಕೇತ ವ್ಯವಸ್ಥೆಯನ್ನು ಕೆಡಿಸಿ ಕೋಳಿಗಳಿಗೆ ಕೊಟ್ಟಾಗ ರೋಗ ಬರಲಿಲ್ಲ. ವಿಷ ತಯಾರಿಸುವ ವಂಶವಾಹಿ ಅದರಲ್ಲಿ ಇದ್ದೇ ಇತ್ತು; ಅಪ್ಪಣೆ ಕೊಡುವ ಸಂಕೇತ ಇರಲಿಲ್ಲ, ಅಷ್ಟೇ.

ಈ ರೋಗಕ್ಕೆ ದಾರಿ ಮಾಡುವುದು ಹೆಚ್ಚಾಗಿ ಕಾಕ್ಸಿಡಿಯ ಎಂಬ ಪರೋಪಜೀವಿಯಿಂದ ಬರುವ ರಕ್ತಭೇದಿ. ಅದು ಗಾಯ ಮಾಡಿದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂಗೆ ಹೇರಳವಾಗಿ ಆಹಾರ ಸಿಗುತ್ತದೆ. ಕಳಪೆ ಒಣಮೀನಿನ ಪುಡಿ ಹೆಚ್ಚಾಗಿ ಬೆರೆಸಿದ ಮೇವೂ ಇದಕ್ಕೆ ಸಹಾಯಕ. ಸ್ವಂತ ಮೆಕ್ಕೆಜೋಳದಿಂದ ಮೇವು ತಯಾರಿಸುವವರು ಅಗ್ಗಕ್ಕೆ ಸಿಕ್ಕಿತೆಂದು ಮೀನಿನ ಪುಡಿ ತುಂಬಬಾರದು.

ಒಳ್ಳೆಯವರ ಕೋರಂ

ಹಿತ್ತಲಿನಲ್ಲಿ ಕಾವು ಕೂತು ಮರಿ ಮಾಡಿದ ಹೇಂಟೆ ಮೊದಲ ದಿನದಿಂದಲೇ ತನ್ನ ಮರಿಗಳಿಗೆ ತಿಪ್ಪೆ ಕೆದರಿ ತೋರಿಸುತ್ತದೆ. ತಾಯಿಯ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಹೀಗೆ ಮರಿಗೆ ದಾಟುತ್ತವೆ. ಯಂತ್ರದಲ್ಲಿ ಹುಟ್ಟಿ, ಪೆಟ್ಟಿಗೆಯಲ್ಲಿ ಬಂದ ಮರಿಗೆ ತಾಯಿ ಇಲ್ಲ. ಅದರ ಕರುಳು ಖಾಲಿ ಸಭಾಂಗಣದಂತೆ. ಮೊದಲು ಬಂದವರು ಕುರ್ಚಿ ಹಿಡಿಯುತ್ತಾರೆ. ಫಿನ್‌ಲೆಂಡಿನ ನುರ್ಮಿ ಮತ್ತು ರಂಟಾಲ ಎಂಬವರು 1973ರಲ್ಲಿ, ಬೆಳೆದ ಆರೋಗ್ಯವಂತ ಕೋಳಿಯ ಕರುಳಿನ ಸೂಕ್ಷ್ಮಜೀವಿಗಳನ್ನು ಹೊಸ ಮರಿಗಳಿಗೆ ಕೊಟ್ಟರೆ ಸಾಲ್ಮೊನೆಲ್ಲ ರೋಗಾಣು ನೆಲೆಯೂರುವುದಿಲ್ಲವೆಂದು ತೋರಿಸಿಕೊಟ್ಟರು. ಇದನ್ನು ಓದಿ ಯಾರೂ ಕೋಳಿಯ ಹಿಕ್ಕೆ ಕಲಸಿ ಮರಿಗೆ ಕುಡಿಸಬಾರದು. ಅದರಲ್ಲಿ ರೋಗವೂ ಬರುತ್ತದೆ. ಪರೀಕ್ಷಿಸಿ ತಯಾರಿಸಿದ ಪ್ರೋಬಯಾಟಿಕ್ ಪುಡಿಗಳು ದೊರೆಯುತ್ತವೆ. ಅವನ್ನು ಕೊಡುವುದಾದರೆ ಮೊದಲ ದಿನಗಳಲ್ಲಿಯೇ ಕೊಡಬೇಕು, ಜೀವಿರೋಧಕ ಔಷಧಿಯ ಜೊತೆ ಕೊಡಬಾರದು. ಆರೋಗ್ಯವಾಗಿರುವ ಮರಿಗಳಿಗೆ 'ಇರಲಿ' ಎಂದು ಮೊದಲ ಮೂರು ದಿನ ಔಷಧಿ ಹಾಕುವುದರಿಂದ ಕೆಟ್ಟವರ ಜೊತೆ ಈ ಒಳ್ಳೆಯವರೂ ಸಭೆ ಬಿಟ್ಟು ಹೋಗುತ್ತಾರೆ.

ಬೆಳ್ಳುಳ್ಳಿ ಮತ್ತು ದಾಲ್ಚಿನ್ನಿಯ ವಿಷಯವನ್ನು ಅನೇಕರು ಕೇಳುತ್ತಾರೆ. ದಾಲ್ಚಿನ್ನಿಯ ಎಣ್ಣೆಯಲ್ಲಿರುವ ಒಂದು ವಸ್ತು ಮತ್ತು ಬೆಳ್ಳುಳ್ಳಿಯಲ್ಲಿ ಸಿಗುವ ಅಜೋಯಿನ್ ಎಂಬ ವಸ್ತು ಕೆಲವು ಬ್ಯಾಕ್ಟೀರಿಯಗಳ ಸಂಕೇತಕ್ಕೆ ಅಡ್ಡಿ ಮಾಡುತ್ತವೆ ಎಂಬುದು ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಅಜ್ಜಿಯ ಕಾಲದಿಂದ ಕೋಳಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದವರಿಗೆ ಇದು ಸಂತೋಷದ ಸುದ್ದಿಯೇ. ಆದರೆ ಗಾಜಿನ ಬಟ್ಟಲಿನಲ್ಲಿ ಆದದ್ದು ಐದು ಸಾವಿರ ಹಕ್ಕಿಗಳ ಶೆಡ್ಡಿನಲ್ಲಿ ಆಗುತ್ತದೆಂದು ಹೇಳಲಾಗದು. 'ಕೋರಂ ಮುರಿಯುವ ಔಷಧಿ' ಎಂದು ಯಾರಾದರೂ ಬಾಟಲಿ ಹಿಡಿದು ಬಂದರೆ ಹಣ ಕೊಡುವ ಮೊದಲು ಪಶುವೈದ್ಯರನ್ನು ಕೇಳಿರಿ.

ಔಷಧಿಯ ವಿಷಯದಲ್ಲಿ

ರೋಗ ಬಂದ ಮೇಲೆ ಜೀವಿರೋಧಕ ಬೇಕಾಗಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಯಾವುದು, ಎಷ್ಟು ದಿನ ಎಂಬುದನ್ನು ಪಶುವೈದ್ಯರು ನಿರ್ಧರಿಸಬೇಕು, ಅಂಗಡಿಯವರಲ್ಲ. ಅರೆಬರೆ ಪ್ರಮಾಣದ ಔಷಧಿ ಲೋಳೆಪದರದವರೆಗೆ ತಲುಪಿದಾಗ ಅಲ್ಲಿನ ರೋಗಾಣುಗಳು ಸಾಯದೆ ಅದಕ್ಕೆ ಒಗ್ಗಿಕೊಳ್ಳುತ್ತವೆ. ಹಾಗೆ ಒಗ್ಗಿದ ಗುಣವನ್ನು ಪಕ್ಕದ ರೋಗಾಣುಗಳಿಗೂ ಹಂಚುತ್ತವೆ. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಾಗ ವೈದ್ಯರು ಕೊನೆಯದಾಗಿ ಹಿಡಿಯುವ ಕೊಲಿಸ್ಟಿನ್ ಎಂಬುದನ್ನು ಒಂದು ಕಾಲಕ್ಕೆ ಕೋಳಿಯ ಮೇವಿಗೆ ಬೆರೆಸಲಾಗುತ್ತಿತ್ತು. 2019ರ ಜುಲೈಯಲ್ಲಿ ಭಾರತ ಸರ್ಕಾರ ಆಹಾರಕ್ಕೆ ಬಳಸುವ ಪ್ರಾಣಿಗಳಲ್ಲಿ, ಕೋಳಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಹಳೆಯ ಡಬ್ಬಿ ಉಳಿದಿದ್ದರೆ ಬಳಸಕೂಡದು. ಔಷಧಿ ಕೊಟ್ಟ ಹಕ್ಕಿಗಳನ್ನು, ಚೀಟಿಯಲ್ಲಿ ಬರೆದ ಬಿಡುವಿನ ದಿನಗಳು ಮುಗಿಯುವವರೆಗೆ ಮಾರಬಾರದು.

ರೋಗದ ಗುರುತು ಹಿಡಿಸಲು ಔಷಧಿ ಹಾಕುವ ಮೊದಲೇ, ಆಗತಾನೇ ಸತ್ತ ಇಲ್ಲವೇ ಸಾಯುವಂತಿರುವ ಎರಡು ಮೂರು ಹಕ್ಕಿಗಳನ್ನು ಹತ್ತಿರದ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅವರ ಮೂಲಕ ಮಾದರಿಗಳನ್ನು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೋ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಕಳುಹಿಸಿ, ಯಾವ ಔಷಧಿ ನಾಟುತ್ತದೆಂದು ಪರೀಕ್ಷೆ ಮಾಡಿಸಬಹುದು. ಸತ್ತ ಹಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಮಂಜುಗಡ್ಡೆ ಇಟ್ಟು ಒಯ್ಯಿರಿ. ಬಿಸಿಲಿನಲ್ಲಿ ಮಧ್ಯಾಹ್ನದವರೆಗೆ ಇಟ್ಟ ಹಕ್ಕಿಯಿಂದ ಏನೂ ತಿಳಿಯುವುದಿಲ್ಲ. ಜೊತೆಗೆ ಒಂದು ಶುದ್ಧ ಸೀಸೆಯಲ್ಲಿ ನೀರಿನ ಮಾದರಿಯೂ ಇರಲಿ. ಆ ನೀರನ್ನು ಟ್ಯಾಂಕಿನಿಂದಲ್ಲ, ಸಾಲಿನ ಕಟ್ಟಕಡೆಯ ನಿಪ್ಪಲ್‌ನಿಂದ, ಬೆಳಿಗ್ಗೆ ಹಕ್ಕಿಗಳು ಕುಡಿಯಲು ಶುರು ಮಾಡುವ ಮೊದಲು ಹಿಡಿಯಬೇಕು.